ಬೆಂಗಳೂರಿನಲ್ಲಿ ಬಿಡಾರ

ಕೋರ್ಟಿನ ವ್ಯಾಜ್ಯಕ್ಕಾಗಲಿ, ಮಗನನ್ನು ಸೆಂಟ್ರಲ್ ಕಾಲೇಜಿಗೆ ಸೇರಿಸುವುದಕ್ಕಾಗಲಿ, ಚಿಕ್ಕಪೇಟೆಯಲ್ಲಿ ಮದುವೆಯ ಜವಳಿ ತೆಗೆಯುವುದಕ್ಕಾಗಲಿ ಹಳೆಯ ಮೈಸೂರು ಸಂಸ್ಥಾನದ ಹಳ್ಳಿಗಾಡಿನಿಂದ ಬೆಂಗಳೂರಿಗೆ ಹೊರಟ ಗೃಹಸ್ಥನಿಗೆ, ಅಲ್ಲಿ ಎಲ್ಲಿ ಇಳಿದುಕೊಳ್ಳಬೇಕೆಂಬುದು ಹಣದ ಚಿಂತೆಗಿಂತ ಮಿಗಿಲಾಗಿ ಸಂಬಂಧದ ಚಿಂತೆಯಾಗಿತ್ತು. ನೆಂಟರಿದ್ದರೆ ಒಂದು ಕಾರ್ಡು ಬರೆದುಹಾಕಿ, ಅದು ತಲಪುವುದಕ್ಕೆ ಮೊದಲೇ ತಾನು ತಲಪಿದರೂ ಆಕ್ಷೇಪಣೆಯಿರಲಿಲ್ಲ. ಇದ್ದರೂ ಅದನ್ನು ಆಡುವ ಪದ್ಧತಿಯಿರಲಿಲ್ಲ. ನೆಂಟರಿಲ್ಲದವನಿಗೆ ಮಠವುಂಟು, ಗುಡಿಯ ಪ್ರಾಕಾರವುಂಟು, ಛತ್ರವುಂಟು. ಇವುಗಳಲ್ಲಿ ಯಾವ ಬಾಗಿಲು ತನಗೆ ತೆರೆದೀತೆಂಬುದು "ಯಾವ ಊರು, ಯಾರ ಪೈಕಿ?" ಎಂಬ ಪ್ರಶ್ನೆಗೆ ಅವನು ಕೊಡುವ ಉತ್ತರವನ್ನು ಅವಲಂಬಿಸಿತ್ತು.

ದಾರಿಗನಿಗೆ ನೀರೆರೆಯುವ ಅರವಟ್ಟಿಗೆಯನ್ನೂ ಅನ್ನವಿಕ್ಕುವ ಸತ್ರವನ್ನೂ ಪುಣ್ಯಕಾರ್ಯಗಳೆಂದು ಎಣಿಸಿ, ಅವುಗಳ ನಿರ್ವಾಹಕ್ಕೆ ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿವೆ. ಆದರೆ ಆ ಸತ್ರಗಳು ಕಾಲ್ನಡಿಗೆಯ ಯಾತ್ರಿಕನಿಗೂ ಎತ್ತಿನ ಗಾಡಿಗೂ ಹೊಂದಿಕೊಂಡು ಬೆಳೆದಂಥವು. ಜೋಲಾರ್‌ಪೇಟೆಯ ಕಡೆಯಿಂದ 1864ರಲ್ಲಿ ಬೆಂಗಳೂರಿನ ದಂಡುಪ್ರದೇಶದವರೆಗೆ ರೈಲು ಬಂದು, 1880ರ ದಶಕದ ಆರಂಭದಲ್ಲಿ ಮೈಸೂರಿನ ದಾರಿಯೂ ಸಿದ್ಧವಾದ ಬಳಿಕ ಪ್ರಯಾಣಿಕನ ಸ್ವರೂಪವೇ ಬದಲಾಯಿತು. ಅಕ್ಕಿಮೂಟೆ, ಪಾತ್ರೆಪರಟೆ, ಜೊತೆಗಾರರೊಡನೆ ದಿನಗಟ್ಟಲೆ ದಾರಿ ಸವೆಸಿ ಬರುತ್ತಿದ್ದವನು ಈಗ ಒಂದು ಗಂಟಿನೊಡನೆ, ಒಬ್ಬಂಟಿಗನಾಗಿ, ಹೊತ್ತಲ್ಲದ ಹೊತ್ತಿನಲ್ಲಿ ನಿಲ್ದಾಣದಲ್ಲಿ ಇಳಿಯತೊಡಗಿದನು.

ಈ ಹೊಸ ಪ್ರಯಾಣಿಕನ ಪಾಲಿಗೆ ಒದಗಿದ ಮಹಾನುಭಾವರಲ್ಲಿ ಗುಬ್ಬಿ ತೋಟದಪ್ಪನವರ ಹೆಸರು ಅಗ್ರಗಣ್ಯವಾದುದು. 1838ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಬೆಂಗಳೂರಿನ ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿ ಧನಿಕರಾದ ಅವರು, ತಮ್ಮ ಸಂಪತ್ತನ್ನು ಧರ್ಮಕ್ಕೆ ಮೀಸಲಿಟ್ಟು, ರೈಲು ನಿಲ್ದಾಣದ ಸಮೀಪದಲ್ಲಿ ಛತ್ರವನ್ನು ಸ್ಥಾಪಿಸಿದರು. ಅದರೊಡನೆ ವಿದ್ಯಾರ್ಥಿಗಳ ವಸತಿಯನ್ನೂ ಏರ್ಪಡಿಸಿದರು. ಪುಣ್ಯಕ್ಕೆ ಪುಷ್ಕರಿಣಿಯ ದಡವನ್ನೋ ಗೋಪುರದ ನೆರಳನ್ನೋ ಹುಡುಕದೆ, ಹೊಗೆಯುಗುಳುವ ಗಾಡಿಯ ಪಕ್ಕದ ನೆಲವನ್ನು ಆರಿಸಿಕೊಂಡುದರಲ್ಲಿ, ಜನ ಎಲ್ಲಿ ಬಂದು ನಿಲ್ಲುತ್ತಾರೆಂಬುದನ್ನು ಬಲ್ಲ ವರ್ತಕನ ಕಣ್ಣು ನನಗೆ ಕಾಣುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರಿಂದ ಅವರಿಗೆ 'ಧರ್ಮಪ್ರವರ್ತ'ರೆಂಬ ಬಿರುದು ಸಂದಿತು. 1910ರಲ್ಲಿ ಅವರು ಕಾಲವಾದರು.

ಅಂದಿನ ಛತ್ರವಾಸವೆಂದರೆ ಅತಿಥಿಯೇ ಅರ್ಧ ಯಜಮಾನನಾಗಿರಬೇಕಾದ ಏರ್ಪಾಡು. ಚಾಪೆ, ಚೊಂಬು, ಬಾಗಿಲಿಗೆ ಹಾಕುವ ಬೀಗ, ಇವೆಲ್ಲ ಸ್ವಂತದವು. ಬಾವಿಯಿಂದ ನೀರು ಸೇದಿಕೊಳ್ಳಬೇಕು. ಮಡಿಯವರು ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸಿಕೊಳ್ಳುವರು. ಮೂರು ದಿನ ಕಳೆಯಿತೆಂದರೆ ಪಾರುಪತ್ಯಗಾರನು ಸಂಜೆಯ ಹೊತ್ತು ಜಗಲಿಗೆ ಬಂದು, "ಸ್ವಾಮಿ, ಕೆಲಸವೆಲ್ಲ ಕೈಗೂಡಿತೆ?" ಎಂದು ವಿಚಾರಿಸುವನು. ಅದು ಕುಶಲಪ್ರಶ್ನೆಯಲ್ಲವೆಂಬುದನ್ನು ತಿಳಿಯಲಾರದಷ್ಟು ಮುಗ್ಧರು ಯಾರೂ ಇರುತ್ತಿರಲಿಲ್ಲ.

ಈ ಔದಾರ್ಯಕ್ಕೆ ಬೇಲಿಯೂ ಇದ್ದಿತೆಂಬುದನ್ನು ಮರೆತು ಹಳೆಯ ಕಾಲವನ್ನು ಕೊಂಡಾಡುವುದು ನ್ಯಾಯವಾಗದು. ಛತ್ರಗಳಲ್ಲಿ ಅನೇಕವು ಒಂದೊಂದು ಮತದವರಿಗೆ, ಒಂದೊಂದು ಜಾತಿಯವರಿಗೆ ಮೀಸಲಾಗಿದ್ದವು. ಎಲ್ಲರಿಗೂ ತೆರೆದವೆಂದು ಹೇಳಿಕೊಂಡವುಗಳಲ್ಲಿಯೂ ಪಂಕ್ತಿ ಬೇರೆ, ಬಾವಿ ಬೇರೆ. ಅಸ್ಪೃಶ್ಯನೆನಿಸಿದವನಿಗೆ ಬೀದಿಯೇ ಗತಿ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಹೋಟೆಲಿನೊಡನೆ ಧರ್ಮಶಾಲೆ, ಸರಾಯಿ, ಮುಸಾಫಿರ್‌ಖಾನೆಗಳನ್ನೂ ಹೆಸರಿಸಿ ಹೇಳಬೇಕಾಯಿತೆಂದ ಮೇಲೆ, ಆ ಬೇಲಿ ಎಷ್ಟು ಗಟ್ಟಿಯಾಗಿತ್ತೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ದಂಡಿನ ಕಡೆಯ ದೊರೆಗಳಿಗೂ ಅವರದೇ ಬೇಲಿ: 1887ರಲ್ಲಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ತೆರೆದ ವಸತಿಗೃಹವು 1912ರಲ್ಲಿ ಸ್ಪೆನ್ಸರ್ ಕಂಪನಿಯ ಕೈಸೇರಿ, ವೆಸ್ಟ್ ಎಂಡ್ ಹೋಟೆಲೆಂದು ಪ್ರಸಿದ್ಧವಾಯಿತು, ಪೇಟೆಯ ಗೃಹಸ್ಥನು ಅದರ ತೋಟವನ್ನು ರಸ್ತೆಯಿಂದಲೇ ನೋಡಿ ಮುಂದೆ ಸಾಗುತ್ತಿದ್ದನು.

ಲಾಡ್ಜು ಬಂದುದು ಆಮೇಲೆ. ಛತ್ರವೊಂದರ ಹೆಸರನ್ನು ಹೊತ್ತ ಸುಬೇದಾರ್ ಛತ್ರದ ರಸ್ತೆಯ ಉದ್ದಕ್ಕೂ, ಮೆಜೆಸ್ಟಿಕ್ಕಿನ ಸಂದುಗೊಂದುಗಳಲ್ಲಿಯೂ 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂಬ ಫಲಕಗಳು ತಲೆಯೆತ್ತಿದವು. ಹತ್ತಿರದ ಧರ್ಮಾಂಬುಧಿ ಕೆರೆ ಬತ್ತಿ, ಅದರ ಅಂಗಳ ಬಸ್ ನಿಲ್ದಾಣವಾದ ಮೇಲಂತೂ ಅವುಗಳಿಗೆ ಲೆಕ್ಕವಿಲ್ಲದಾಯಿತು. ಗಲ್ಲೆಯ ಮೇಲಿನ ದಪ್ಪ ರಿಜಿಸ್ಟರು ಹೆಸರು, ಊರು, ಬಂದ ಕಾರಣಗಳನ್ನು ಕೇಳುತ್ತಿತ್ತು. ಮುಂಗಡ ಕೊಟ್ಟವನಿಗೆ ತಗಡಿನ ಬಿಲ್ಲೆ ಕಟ್ಟಿದ ಕೀಲಿಕೈಯೂ, ಬೆಳಗ್ಗೆ ಒಂದು ಬಕೆಟ್ಟು ಬಿಸಿನೀರೂ ದೊರೆಯುತ್ತಿದ್ದವು. ಹಣದ ಆಳ್ವಿಕೆ ನಿಷ್ಠುರವಾದುದೆಂದು ಹಿರಿಯರು ಗೊಣಗಿದರು. ಆದರೆ ಛತ್ರದ ಹೊಸ್ತಿಲನ್ನು ತುಳಿಯಲಾರದೆ ಬೀದಿಯಲ್ಲಿ ರಾತ್ರಿ ಕಳೆದವನ ಮಗನು, ಯಾರ ಪೈಕಿಯೆಂಬ ವಿಚಾರಣೆಯಿಲ್ಲದೆ ಆ ಕೀಲಿಯನ್ನು ಕೈಗೆ ತೆಗೆದುಕೊಳ್ಳುವಂತಾದುದನ್ನು ನಾನು ಅವನತಿಯೆನ್ನಲಾರೆನು. ಲಾಡ್ಜುಗಳಲ್ಲಿಯೂ ಹೆಸರಿನ ಜಾಡು ಹಿಡಿದು "ಕೋಣೆ ಖಾಲಿಯಿಲ್ಲ" ಎಂದವರು ಇರಲಿಲ್ಲವೆಂದಲ್ಲ. ಆ ಮಾತನ್ನು ಸುಳ್ಳಿನ ಮರೆಯಲ್ಲಿ ಆಡಬೇಕಾಯಿತು, ಅಷ್ಟೆ.

ಹಳೆಯ ಛತ್ರಗಳು ಅನೇಕವು ಈಗ ಮದುವೆಯ ಬಾಡಿಗೆಯಿಂದ ಜೀವಿಸುತ್ತಿವೆ. ಲಗ್ನದ ಕಾಲದಲ್ಲಿ ಅಲ್ಲಿ ದಾರಿಗನಿಗೆ ಸ್ಥಳವಿಲ್ಲ. ತೋಟದಪ್ಪನವರ ಛತ್ರ ಮಾತ್ರ ಅವರ ಹೆಸರಿನ ರಸ್ತೆಯನ್ನೂ ಸಂಪಾದಿಸಿಕೊಂಡು, ನಿಲ್ದಾಣದಿಂದ ಗಂಟು ಹೊತ್ತವನೂ ನಡೆದು ಸೇರಬಹುದಾದಷ್ಟು ಹತ್ತಿರದಲ್ಲಿ ನಿಂತಿದೆ.