ಕೊಡಗಿನ ಪೇಟೆಗಳೂ ಜನಗಣತಿಯ ಲೆಕ್ಕವೂ

ಪಟ್ಟಣವೆಂದರೆ ಯಾವುದು? ಖಾನೇಸುಮಾರಿಯ ವರದಿಗಳು ಈ ಪ್ರಶ್ನೆಗೆ ಎಲ್ಲ ಕಾಲದಲ್ಲಿಯೂ ಒಂದೇ ಉತ್ತರವನ್ನು ಕೊಟ್ಟಿಲ್ಲ. 1834ರಲ್ಲಿ ಬ್ರಿಟಿಷರ ವಶವಾಗಿ, 1956ರಲ್ಲಿ ಮೈಸೂರು ರಾಜ್ಯದೊಡನೆ ಸೇರುವವರೆಗೆ ಪ್ರತ್ಯೇಕ ಆಡಳಿತವನ್ನು ಹೊಂದಿದ್ದ ಪುಟ್ಟ ಪ್ರಾಂತವಾದ ಕೊಡಗು ಇದಕ್ಕೆ ಉತ್ತಮ ನಿದರ್ಶನವಾಗಿದೆ.

1901ರಲ್ಲಿ ಈ ಪ್ರಾಂತದ ಜನಸಂಖ್ಯೆ 1,80,607. ಪುರಸಭೆಯುಳ್ಳ ಊರು, ದಂಡಿನ ಪ್ರದೇಶ, ಇಲ್ಲವೆ 5,000ಕ್ಕೆ ಕಡಿಮೆಯಿಲ್ಲದಷ್ಟು ಜನರು ಒತ್ತಾಗಿ ವಾಸಿಸುವ ಸ್ಥಳ, ಇವನ್ನು ಅಂದಿನ ಗಣತಿಯು ಪಟ್ಟಣವೆಂದು ಎಣಿಸುತ್ತಿದ್ದಿತು. ಮಡಿಕೇರಿಯಲ್ಲಿ 6,732 ಜನರಿದ್ದರು. ವೀರರಾಜಪೇಟೆ 5,000ವನ್ನು ಮುಟ್ಟಿರಲಿಲ್ಲ. ಆದರೂ ಪುರಸಭೆಯ ಬಲದಿಂದ ಅದು ಪಟ್ಟಣವೆನಿಸಿತು. ಸಂಖ್ಯೆಯು ಕೊಡದ ಪದವಿಯನ್ನು ಸರ್ಕಾರದ ಆಜ್ಞೆ ಕೊಟ್ಟಿತು.

ಇದರ ಕಾರಣವನ್ನು ನಾಡಿನ ವಾಸಕ್ರಮದಲ್ಲಿ ಹುಡುಕಬೇಕು. ಕೊಡವರ ಐನ್‌ಮನೆಗಳು ಗದ್ದೆಯ ಅಂಚಿನಲ್ಲಿ ಒಂದರಿಂದೊಂದು ದೂರವಾಗಿ ನಿಂತವು. ಬಯಲುಸೀಮೆಯ ಊರಿನಂತೆ ಮನೆಗೆ ಮನೆ ತಾಗಿದ ಕೇರಿಗಳು ಅಲ್ಲಿ ವಿರಳ. ಒತ್ತಾದ ವಸತಿ ಬೆಳೆದುದು ಅರಸರ ಕೋಟೆಯ ಬಳಿ, ಸಂತೆಯ ಸುತ್ತ. ಮಡಿಕೇರಿ ಮುದ್ದುರಾಜನ ರಾಜಧಾನಿ. ವೀರರಾಜಪೇಟೆಯನ್ನು 1792ರಲ್ಲಿ ದೊಡ್ಡವೀರರಾಜೇಂದ್ರನು ಸ್ಥಾಪಿಸಿದನು. ಸೋಮವಾರಪೇಟೆ, ಶನಿವಾರಸಂತೆಗಳ ಹೆಸರುಗಳೇ ಅವುಗಳ ಹುಟ್ಟನ್ನು ಸಾರುತ್ತವೆ. ಹೀಗೆ ನಾಡಿನ ಒಕ್ಕಲು ಹೊಲಗದ್ದೆಗಳ ನಡುವೆ ಉಳಿಯಿತು. ವ್ಯಾಪಾರಿಗಳೂ ನೌಕರರೂ ಪೇಟೆಗಳಲ್ಲಿ ನೆಲೆಸಿದರು.

ಕಾಫಿ ತೋಟಗಳು ಈ ಲೆಕ್ಕವನ್ನು ಮತ್ತಷ್ಟು ತೊಡಕಾಗಿಸಿದವು. ಹೊರಗಿನಿಂದ ಬಂದ ಕೂಲಿಗಳು ತೋಟದ ಲೈನುಮನೆಗಳಲ್ಲಿ ಗುಂಪಾಗಿ ವಾಸಿಸಿದರೂ ಅವು ಪಟ್ಟಣಗಳಾಗಲಿಲ್ಲ. 1931ರಲ್ಲಿ 1,63,327ಕ್ಕೆ ಇಳಿದಿದ್ದ ಜನಸಂಖ್ಯೆ 1951ರಲ್ಲಿ 2,29,405ಕ್ಕೆ ಏರಿತು. ಈ ಏರಿಳಿತವನ್ನು ಪೇಟೆಗಳ ಲೆಕ್ಕವೊಂದರಿಂದಲೇ ಅರಿಯಲಾಗದು.

1961ರ ಗಣತಿಯು ದೇಶಕ್ಕೆಲ್ಲ ಒಂದೇ ಅಳತೆಯನ್ನು ತಂದಿತು: ಪುರಸಭೆಯಿಲ್ಲದ ಊರು ಪಟ್ಟಣವಾಗಬೇಕಾದರೆ ಕನಿಷ್ಠ 5,000 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯೇತರ ವೃತ್ತಿಯವರು, ಚದರ ಮೈಲಿಗೆ 1,000 ಜನರ ಸಾಂದ್ರತೆ. ಚದುರಿದ ವಸತಿಯ ನಾಡಿಗೆ ಈ ಅಳತೆ ಸುಲಭವಾಗಿ ಹೊಂದದು. 2011ರಲ್ಲಿ ಕೊಡಗು ಜಿಲ್ಲೆಯ 5,54,519 ಜನರಲ್ಲಿ ಪಟ್ಟಣವಾಸಿಗಳು ನೂರಕ್ಕೆ ಹದಿನೈದಕ್ಕಿಂತ ಕಡಿಮೆ; ಮಡಿಕೇರಿಯಲ್ಲಿದ್ದವರು 33,381 ಮಂದಿ.

ಈ ಅಂಕಿಯನ್ನು ಕಂಡು ಕೊಡಗು ಹಿಂದುಳಿದಿದೆಯೆಂದು ತೀರ್ಮಾನಿಸುವುದು ಅವಸರದ ಮಾತಾದೀತು. ಗಣತಿಯು ಎಣಿಸುವುದು ಮನೆಗಳ ಒತ್ತನ್ನು, ಬಾಳಿನ ಮಟ್ಟವನ್ನಲ್ಲ. ಲೆಕ್ಕವನ್ನು ಓದುವವನು ಮೊದಲು ಅದರ ಅಳತೆಗೋಲನ್ನು ಓದಬೇಕು.