ಬಾಳೆಯ ಸೊರಗು ರೋಗದ ಜೈವಿಕ ಹತೋಟಿ
ಪನಾಮಾ ಸೊರಗು ರೋಗವನ್ನು ತರುವ ಫ್ಯುಸೇರಿಯಂ ಶಿಲೀಂಧ್ರವನ್ನು ಸ್ಯೂಡೋಮೊನಾಸ್ ಫ್ಲೋರೆಸೆನ್ಸ್, ಬ್ಯಾಸಿಲಸ್ ಸಬ್ಟಿಲಿಸ್ ಮೊದಲಾದ ಉಪಕಾರಿ ಬ್ಯಾಕ್ಟೀರಿಯಗಳಿಂದ ತಡೆಯುವ ವಿಧಾನ. ಶಿಲೀಂಧ್ರವು ಬೇರಿನ ಮೂಲಕ ಒಳಹೊಕ್ಕು ನೀರು ಸಾಗಿಸುವ ನಾಳಗಳನ್ನು ಮುಚ್ಚುತ್ತದೆ. ಎಲೆಗಳು ಅಂಚಿನಿಂದ ಹಳದಿಯಾಗಿ ಜೋತುಬೀಳುತ್ತವೆ. ನಂಜನಗೂಡು ರಸಬಾಳೆ ಈ ರೋಗಕ್ಕೆ ಬಲಿಯಾದ ಅಮೂಲ್ಯ ತಳಿ. ರೋಗಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುವುದರಿಂದ ರಾಸಾಯನಿಕಗಳು ಹೆಚ್ಚು ಫಲಿಸುವುದಿಲ್ಲ.

ಸ್ಯೂಡೋಮೊನಾಸ್ ಬೇರಿನ ಸುತ್ತ ನೆಲೆಸಿ, ಸಿಡೆರೋಫೋರ್ ಎಂಬ ಸಂಯುಕ್ತಗಳಿಂದ ಮಣ್ಣಿನ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಶಿಲೀಂಧ್ರಕ್ಕೆ ಸಿಗದಂತೆ ಮಾಡುತ್ತದೆ, ಪ್ರತಿಜೀವಕಗಳನ್ನು ಸ್ರವಿಸುತ್ತದೆ, ಗಿಡದ ಸ್ವಂತ ರೋಗನಿರೋಧಕ ಶಕ್ತಿಯನ್ನೂ ಪ್ರಚೋದಿಸುತ್ತದೆ. ಕಂದುಗಳನ್ನು ಇದರ ದ್ರಾವಣದಲ್ಲಿ ಅದ್ದಿ ನೆಡುವುದು, ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಬುಡಕ್ಕೆ ಕೊಡುವುದು, ಗೆಡ್ಡೆಯಲ್ಲಿ ರಂಧ್ರ ಕೊರೆದು ಕ್ಯಾಪ್ಸೂಲ್ ಇಡುವುದು ಬಳಕೆಯ ಕ್ರಮಗಳು. ಪೂರ್ತಿ ಸೊರಗಿದ ಗಿಡವನ್ನು ಇದು ಬದುಕಿಸದು. ನಾಟಿಯ ಹೊತ್ತಿನಿಂದಲೇ ಬಳಸಬೇಕು.