ಕಾಯಿ ಒಡೆಯಲಿ, ಟಗರು ಬೀಳಲಿ

ಪಾಣತ್ತೂರಿನಿಂದ ಘಟ್ಟ ಹತ್ತಿ ಕರಿಕೆ ದಾರಿಯಾಗಿ ಭಾಗಮಂಡಲಕ್ಕೆ ಹೋಗುವಾಗ ಕಾಸರಗೋಡು ಎಲ್ಲಿ ಮುಗಿಯಿತು, ಕೊಡಗು ಎಲ್ಲಿ ಶುರುವಾಯಿತು ಎಂದು ಬೋರ್ಡು ನೋಡಿಯೇ ತಿಳಿಯಬೇಕು. ಕಾಡು, ಅಡಿಕೆ, ಅರೆಭಾಷೆಯ ಮಾತು ಎರಡೂ ಕಡೆ ಇವೆ. ಬೇರೆಯಾಗುವುದು ಕೋವಿಯ ಕಾನೂನು. ಗಡಿಯಾಚೆಯ ಮನೆಯಲ್ಲಿ ಕೋವಿಗೆ ಪೂಜೆ. ಈಚೆಯ ಮನೆಯಲ್ಲಿ ಅದಕ್ಕೊಂದು ಲೈಸೆನ್ಸ್ ಪುಸ್ತಕ, ಚುನಾವಣೆ ಬಂದಾಗ ಪೊಲೀಸ್ ಠಾಣೆಗೆ ಒಂದು ನಡಿಗೆ. ಗುರಿ ಹೊಡೆಯುವ ಆಟ ನಮ್ಮ ಕಡೆ ಹೇಗೆ ಬೆಳೆಯಿತು, ಎಲ್ಲಿ ನಿಂತಿತು ಎಂಬುದಕ್ಕೆ ಈ ವ್ಯತ್ಯಾಸದಲ್ಲೇ ಅರ್ಧ ಉತ್ತರ ಇದೆ.

ಉಳಿದರ್ಧಕ್ಕೆ ಮೆಕ್ಸಿಕೊಗೆ ಹೋಗಬೇಕು. ಪ್ರಾಣಿಯಾಕೃತಿಯ ಉಕ್ಕಿನ ತಗಡನ್ನು ದೂರದಲ್ಲಿ ನಿಲ್ಲಿಸಿ ರೈಫಲ್‌ನಿಂದ ಉರುಳಿಸುವ ‘ಸಿಲೂಯೆಟ್’ ಸ್ಪರ್ಧೆ ಹುಟ್ಟಿದ್ದು ಅಲ್ಲಿ. ಮೊದಮೊದಲು ತಗಡೂ ಇರಲಿಲ್ಲ. ಹಬ್ಬದ ದಿನ ಜೀವಂತ ಕೋಳಿ, ಟಗರುಗಳನ್ನೇ ಗೂಟಕ್ಕೆ ಕಟ್ಟುತ್ತಿದ್ದರು. ಗುರಿ ಹಿಡಿದವನಿಗೆ ಮಾಂಸ, ಊರಿಗೆಲ್ಲ ಊಟ. ಇದನ್ನು ಪಾಂಚೊ ವಿಲ್ಲಾನ ಕ್ರಾಂತಿ ಸೈನಿಕರಿಗೆ ಅಂಟಿಸುವ ಕತೆಗಳಿವೆ. ಕತೆ ಸೊಗಸಾಗಿದೆ, ನಂಬಲು ಅಷ್ಟು ಸಾಲದು. 1948ರಲ್ಲಿ ಮೆಕ್ಸಿಕೊ ಸಿಟಿಯಲ್ಲಿ ಗೊನ್ಸಾಲೊ ಅಗಿಲಾರ್ ಉಕ್ಕಿನ ಆಕೃತಿಗಳನ್ನಿಟ್ಟು ಸ್ಪರ್ಧೆ ನಡೆಸಿದಲ್ಲಿಗೆ ಪ್ರಾಣಿಗಳು ಬಚಾವಾದವು. 1960ರ ದಶಕದ ಕೊನೆಗೆ ಆಟ ಗಡಿ ದಾಟಿ ಅಮೆರಿಕದ ಅರಿಜೋನಾಕ್ಕೆ ಬಂತು. 1973ರಲ್ಲಿ ಅಲ್ಲಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅದಕ್ಕೆ ಮಾನ್ಯತೆ ಕೊಟ್ಟಿತು.

ನಿಯಮಗಳಲ್ಲಿ ಹಳೆಯ ಹಬ್ಬದ ವಾಸನೆ ಇನ್ನೂ ಉಳಿದಿದೆ. 200 ಮೀಟರ್‌ನಲ್ಲಿ ಕೋಳಿ, 300ರಲ್ಲಿ ಹಂದಿ, 385ರಲ್ಲಿ ಟರ್ಕಿ ಕೋಳಿ, 500ರಲ್ಲಿ ಟಗರು. ಒಂದೊಂದು ಸಾಲಿಗೆ ಐದು ಆಕೃತಿ; ಎಡದಿಂದ ಬಲಕ್ಕೆ, ಎರಡೂವರೆ ನಿಮಿಷದಲ್ಲಿ ಐದು ಗುಂಡು. ನಿಂತೇ ಹೊಡೆಯಬೇಕು, ಆಸರೆಗೆ ಬೆಲ್ಟೂ ಇಲ್ಲ. ಮುಖ್ಯ ಸಂಗತಿ, ತಗಲಿದರೆ ಸಾಲದು, ಬೀಳಬೇಕು. ಹಗುರ ಗುಂಡು ವೇಗವಾಗಿ ಹೋಗಿ ಟಗರಿಗೆ ಠಣ್ಣೆಂದು ಬಡಿದರೂ ಇಪ್ಪತ್ತೈದು ಕಿಲೋ ಆಸುಪಾಸಿನ ಉಕ್ಕು ಅಲುಗಿ ಮತ್ತೆ ನೆಟ್ಟಗೆ ನಿಂತರೆ ಅಂಕ ಸೊನ್ನೆ. ತೂಕದ ಗುಂಡು ಬಳಸಿದರೆ ಹಿಂದೊದೆತ ಹೆಚ್ಚು, ನಲವತ್ತು ಗುಂಡು ಮುಗಿಯುವಷ್ಟರಲ್ಲಿ ಭುಜ ಹಣ್ಣು. ಈ ಇಕ್ಕಟ್ಟಿನಲ್ಲೇ ಆಟದ ರುಚಿ ಇದೆ. ಕಾಗದದ ಗುರಿಯ ಹಾಗೆ ಮಿಲಿಮೀಟರ್ ಅಳೆದು ಜಗಳಾಡುವುದಿಲ್ಲ. ಊರ ಮಕ್ಕಳೂ ತೀರ್ಪು ಹೇಳಬಹುದು.

ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಲ್ಲಿ ಆಡುವುದೂ ಇದೇ ಜಾತಿಯ ಆಟ. ನಾಟಿ ಮುಗಿಯುವ ತನಕ ಆಯುಧ ಮೂಲೆ ಸೇರಿರುತ್ತದೆ. ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು, ಕೆಲವು ನಾಡುಗಳಲ್ಲಿ ಅದಕ್ಕೂ ಮೊದಲೇ, ಅದನ್ನು ಒರೆಸಿ ದೇವರ ಕೋಣೆಯಲ್ಲಿಟ್ಟು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಾರೆ. ಹಳದಿ ಕೆಂಪು ಜ್ವಾಲೆಯಂಥ ಆ ಹೂ ಮಳೆಗಾಲದ ಬೇಲಿಯಲ್ಲಿ ನಮ್ಮಲ್ಲೂ ಅರಳುತ್ತದೆ. ಕಡಂಬುಟ್ಟು, ಪಂದಿಕರಿ ಉಂಡ ಮೇಲೆ ಬಯಲಿಗೆ ಬಂದು ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಈಡು. ಕಾಯಿ ಒಡೆದು ನೀರು ಚಿಮ್ಮಿತೋ, ತೀರ್ಪು ಮುಗಿಯಿತು. ಪಾಯಿಂಟ್ ಟೂ ಟೂ ರೈಫಲ್‌ಗೆ, ಹನ್ನೆರಡು ಬೋರ್‌ಗೆ ಬೇರೆ ಬೇರೆ ಸ್ಪರ್ಧೆ. ಏರ್‌ಗನ್ ಹಿಡಿದವರಿಗೆ ಕೋಳಿಮೊಟ್ಟೆ. ಹೆಂಗಸರೂ ಹೊಡೆಯುತ್ತಾರೆ, ಬಹುಮಾನವನ್ನೂ ಒಯ್ಯುತ್ತಾರೆ.

ನಾಟಿ ಮುಗಿದ ಮೇಲೆಯೇ ಏಕೆ? ಇನ್ನು ಪೈರು ಬೆಳೆಯುತ್ತದೆ, ಹಂದಿ ಬರುತ್ತದೆ, ಕಾವಲಿಗೆ ಕೋವಿ ಬೇಕು. ಶೌರ್ಯದ ಮಾತನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಈ ಹಬ್ಬದ ಬೇರು ಗದ್ದೆಯ ಕೆಸರಿನಲ್ಲಿದೆ.

ಆ ಆಟ ಉಳಿದುಕೊಂಡದ್ದು ಒಂದು ವಿನಾಯಿತಿಯಿಂದ. 1857ರ ದಂಗೆಯ ನಂತರ ಬ್ರಿಟಿಷರು ದೇಶವನ್ನು ನಿಶ್ಶಸ್ತ್ರಗೊಳಿಸಲು ಹೊರಟಾಗ, ಕಮಿಷನರ್ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಕೊಡವರನ್ನು ಅದರಿಂದ ಹೊರಗಿಟ್ಟ. 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದ ಮೇಲೂ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆ ಅದು ಮುಂದುವರಿಯಿತು. ಜಿಲ್ಲೆಯ ಹೊರಗೆ ಹೋಗುವಾಗ ಒಂದು ರೈಫಲ್, ಅದಕ್ಕೆ ನೂರು ಗುಂಡು, ಒಂದು ನಯನಳಿಗೆಯ ಕೋವಿ, ಅದಕ್ಕೆ ಐನೂರು ತೋಟೆ ಎಂಬ ಮಿತಿಯೂ ಇದೆ. 2019ರಲ್ಲಿ ಕೇಂದ್ರ ಸರಕಾರ ಇದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು.

ಅಂದರೆ ಗುಡ್ಡದ ಆಚೆ ಜಮ್ಮಾ ಭೂಮಿ ಇರುವ ಗೌಡರ ಮನೆಗೆ ಸಿಗುವ ಸೌಲಭ್ಯ, ಈಚೆ ಬಂದಡ್ಕದಲ್ಲೋ ಪಾಣತ್ತೂರಿನಲ್ಲೋ ನೆಲೆಸಿದ ಅವರ ನೆಂಟರಿಗಿಲ್ಲ. ಕಾಸರಗೋಡು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿತ್ತು, 1956ರಲ್ಲಿ ಕೇರಳಕ್ಕೆ ಸೇರಿತು. ಕಬ್ಬನ್‌ನ ಆದೇಶ ಇಲ್ಲಿಗೆ ಯಾವತ್ತೂ ತಲುಪಲಿಲ್ಲ. ನಮ್ಮ ತೋಟದ ಕೋವಿ ಹಬ್ಬಕ್ಕೆ ಹೊರಬರುವ ಆಟಿಕೆಯಾಗದೆ ಬೆಳೆ ಕಾಯುವ ಹತ್ಯಾರಾಗಿಯೇ ಉಳಿಯಿತು. ಸದ್ದಿನ ಸಂಭ್ರಮಕ್ಕೆ ನಮಗೆ ಕುಂಬಳೆ ದೇವಸ್ಥಾನದ ಜಾತ್ರೆಯ ಬೆಡಿ, ಅಂದರೆ ಸಿಡಿಮದ್ದು, ಇದೆ, ಆದರೆ ಅದರಲ್ಲಿ ಗುರಿ ಇಲ್ಲ.

1972ರ ವನ್ಯಜೀವಿ ಕಾಯ್ದೆ ಬೇಟೆಗೆ ತಡೆ ಹಾಕಿದ ಮೇಲೆ ಕೊಡಗಿನ ಕಣ್ಣಿಗೆ ತೆಂಗಿನಕಾಯಿಯಾದರೂ ಉಳಿಯಿತು. ಕಾಸರಗೋಡಿನ ಕೃಷಿಕನಿಗೆ ಹಂದಿ ಉಳಿಯಿತು, ಹೊಡೆಯುವ ಅಧಿಕಾರ ಹೋಯಿತು. 2022ರ ಮೇ ತಿಂಗಳಲ್ಲಿ ಕೇರಳ ಸಂಪುಟ ನಿಯಮ ಸಡಿಲಿಸಿ, ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲು ಆದೇಶಿಸುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಈಗ ಪಂಚಾಯತ್ ಅಧ್ಯಕ್ಷರ ಅಪ್ಪಣೆ ಪಡೆದು ಲೈಸೆನ್ಸ್ ಇದ್ದವನು ಗುಂಡು ಹಾರಿಸಬಹುದು. ಗುರಿ ತಪ್ಪದೆ ಹಂದಿ ಬಿದ್ದರೂ ಮೆಕ್ಸಿಕೊದವನ ಹಾಗೆ ಮಾಂಸ ಹಂಚುವಂತಿಲ್ಲ. ಗುಂಡಿ ತೋಡಿ ಹೂಳಬೇಕು.